ಹಕ್ಕರಕಿ ಹಾಕಿದ ಇಟಲಿ ರೊಟ್ಟಿ

ಮೇಲಿನವರು ಏನು ಕೇಳಿದರೂ ಕೋಲೆಬಸವನಂತೆ ತಲೆಯಾಡಿಸಿ ಬರುವುದು ಸೂಗಪ್ಪನ ಸ್ವಭಾವ. ಅದರ ಭಾರ ಹೊರುವವಳು ಅವನ ಹೆಂಡತಿ ಜಂಬಮ್ಮ. ಹಟ್ಟಿಯ ಚಿನ್ನದ ಗಣಿಯ ಸ್ಟೋರಿನಲ್ಲಿ ಅವನು ಗುಮಾಸ್ತನಾಗಿ ಮೂರು ವರ್ಷವಾಗಿತ್ತು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಕಂಪನಿಯವರು ಕೊಟ್ಟ ಎರಡು ಖೋಲಿಯ ಮನೆಯಲ್ಲಿ ಗಂಡ ಹೆಂಡತಿ, ಮಸ್ಕಿಯಿಂದ ಬಂದು ಸೇರಿದ ಅವನ ತಂದೆ ತಾಯಿ, ಹೀಗೆ ನಾಲ್ಕು ಜನ ಇದ್ದರು. ನೌಕರಿ ಹೋದರೆ ಮನೆಯೂ ಹೋಗುತ್ತದೆ ಎನ್ನುವುದು ನಾಲ್ವರಿಗೂ ಗೊತ್ತಿತ್ತು. ಯಾರೂ ಅದನ್ನು ಬಾಯಿಬಿಟ್ಟು ಆಡುತ್ತಿರಲಿಲ್ಲ.

ಸಾವಿರದ ಒಂಬೈನೂರ ಐವತ್ತಮೂರರ ಡಿಸೆಂಬರ್ ತಿಂಗಳು. ಗಣಿಯ ಸೈರನ್ನಿನ ಮಧ್ಯಾಹ್ನದ ಮೂರು ಗಂಟೆಯ ಕೂಗು ಆಗಿ ಸ್ವಲ್ಪ ಹೊತ್ತಿಗೆ ಸೂಗಪ್ಪ ಎಂದಿನಂತೆ ಮುಂಬಾಗಿಲಿಗೆ ಬರದೆ ಹಿತ್ತಲ ಬಾಗಿಲಿಗೆ ಬಂದ. ಕಂಕುಳಲ್ಲಿ ಗೋಣಿಚೀಲದ ಒಂದು ಗಂಟು. ಜಂಬಮ್ಮ ಬೂದಿ ಹಚ್ಚಿ ಪಾತ್ರೆ ತಿಕ್ಕುತ್ತಿದ್ದಳು.

"ಅಪ್ಪ ಮಲಗ್ಯಾನೇನು?" ಎಂದ.

"ಮಲಗ್ಯಾರ. ಅತ್ತಿ ಕಟ್ಟಿ ಮ್ಯಾಲ ಜ್ವಾಳ ಹಸನ ಮಾಡಾಕತ್ತಾರ. ಯಾಕ್ರಿ, ಕಳ್ಳರಂಗ ಈ ಕಡಿಂದ ಬಂದ್ರಿ?"

"ಸಣ್ಣಗ ಮಾತಾಡು. ಇದು ಇಟಲಿ ಸಾಹೇಬಂದು. ಮುಂಬೈಲಿಂದ ಪಾರ್ಸಲ್ ಬಂದೈತಿ. ಉಪ್ಪು ಹಚ್ಚಿ ಒಣಗಿಸಿದ್ದು."

"ಏನು, ಉಪ್ಪಿನಕಾಯೇನು?"

ಸೂಗಪ್ಪ ಗೋಡೆಯ ಕಡೆ ನೋಡುತ್ತ ಹೇಳಿದ: "ಹಂದಿ ತೊಡಿ."

ಜಂಬಮ್ಮನ ಕೈಯಲ್ಲಿದ್ದ ತಂಬಿಗೆ ಕಲ್ಲಿನ ಮೇಲೆ ಬಿತ್ತು. ಕಟ್ಟೆಯಿಂದ ಅತ್ತೆ ಕಸ್ತೂರೆಮ್ಮ "ಏನಾತಬೇ?" ಎಂದು ಕೂಗಿದಳು. "ಏನಿಲ್ಲ ಅತ್ತಿ, ತಂಬಗಿ ಜಾರಿತು" ಎಂದಳು. ಆ ಮನೆಯಲ್ಲಿ ಅವಳು ಆಡಿದ ಮೊದಲ ಮುಚ್ಚುಮರೆಯ ಮಾತು ಅದು. ಒಂದು ಆಡಿದ ಮೇಲೆ ಉಳಿದವು ತಾವಾಗಿಯೇ ಬರುತ್ತವೆ.

ಇಟಲಿ ಸಾಹೇಬನೆಂದರೆ ಯಂತ್ರಗಳ ಇಂಜಿನಿಯರ್ ಬ್ರೂನೋ. ಲಡಾಯಿಯ ಕಾಲದಲ್ಲಿ ಸೆರೆಸಿಕ್ಕು ಈ ದೇಶಕ್ಕೆ ಬಂದವನು, ಬಿಡುಗಡೆಯಾದ ಮೇಲೂ ಇಲ್ಲೇ ಉಳಿದಿದ್ದ. ಮುರುಕು ಹಿಂದೂಸ್ತಾನಿ ಆಡುತ್ತಿದ್ದ. ಸ್ಟೋರಿನ ಗುಮಾಸ್ತರಲ್ಲಿ ಯಾರನ್ನು ಕಾಯಂ ಮಾಡಬೇಕೆಂದು ಬರೆದು ಕಳಿಸುವವನು ಅವನೇ. ಸಂಕ್ರಮಣದ ಹಿಂದಿನ ಆದಿತ್ಯವಾರ ಹೈದರಾಬಾದಿನಿಂದ ದೊಡ್ಡ ಸಾಹೇಬರೊಬ್ಬರು ಅವನ ಬಂಗಲೆಗೆ ಊಟಕ್ಕೆ ಬರುವವರಿದ್ದರು. ಅವರಿಗೆ ತನ್ನ ಊರಿನ ಪಿಜ್ಜಾ ತಿನ್ನಿಸಬೇಕೆಂದು ಅವನಿಗೆ ಆಸೆ. ತೆಳ್ಳಗೆ ಬಡಿದ ಗೋಧಿ ರೊಟ್ಟಿ, ಮೇಲೆ ಟಮಾಟೆಯ ಗೊಜ್ಜು, ಒಡೆದ ಹಾಲಿನ ಗಡ್ಡೆ, ಈ ಹಂದಿಯ ಮಾಂಸ, ಒಂದಿಷ್ಟು ಕಹಿ ಸೊಪ್ಪು, ಇಷ್ಟು ಹೇಳಿ ಅವನು ಯಂತ್ರ ತರಲು ಕೋಲಾರಕ್ಕೆ ಹೊರಟು ಜೀಪು ಹತ್ತಿದ್ದ. ಬಂಗಲೆಯಲ್ಲಿ ಅಡಿಗೆ ಮಾಡುವ ಬಾವರ್ಚಿ ದಾವಲ್‌ಸಾಬ್, "ಹಂದಿ ಬೇಯೋ ಒಲಿಯಾಗ ನಾ ಕೈ ಇಡಾಂಗಿಲ್ಲ, ನೌಕರಿ ಹೋದ್ರ ಹೋಗಲಿ" ಎಂದುಬಿಟ್ಟ. ಆಗ ಅಲ್ಲೇ ನಿಂತಿದ್ದ ಸೂಗಪ್ಪ ತಲೆಯಾಡಿಸಿದ್ದ: "ನನ್ನ ಮನಿಯಾಕಿ ಮಾಡತಾಳ ಸಾಹೇಬ್."

"ದಾವಲ್ ಕಾಕಾ ಒಲ್ಲೆ ಅಂದಾನ. ಕೊರಳಾಗ ಲಿಂಗ ಕಟ್ಟಿಕೊಂಡ ನಾವು ಹ್ಞೂಂ ಅಂದೀವೇನು?" ಜಂಬಮ್ಮನಿಗೆ ದನಿ ತಗ್ಗಿಸಿ ಜಗಳಾಡುವುದು ಕಷ್ಟವಾಯಿತು.

"ಹ್ಞೂಂ ಅಂದಾಗೈತಿ. ಈಗ ಒಲ್ಲೆ ಅಂದ್ರ ನನ್ನ ಹೆಸರು ಪಟ್ಟಿಯಾಗ ಬರಾಂಗಿಲ್ಲ. ಮನಿ ಬಿಟ್ಟು ಎಲ್ಲಿಗೆ ಹೋಗೂನು? ಮಸ್ಕಿಯಾಗ ಗ್ವಾಡಿ ಬಿದ್ದೈತಿ."

"ಮಾವಾರಿಗೆ ಹೇಳ್ರಿ."

"ಹೇಳತೀನಿ. ಹೊತ್ತು ನೋಡಿ ಹೇಳತೀನಿ."

ಸ್ಟೋರಿನಲ್ಲಿಟ್ಟರೆ ಇಲಿ ತಿನ್ನುತ್ತವೆ, ದಾವಲ್‌ಸಾಬ್ ಬಂಗಲೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ಹೀಗಾಗಿ ಗಂಟು ಹಿತ್ತಲಿನ ಕಟ್ಟಿಗೆಯ ಗುಡಿಸಲಿನ ಜಂತಿಗೆ ನೇತುಬಿತ್ತು. ಕಟ್ಟಿದವನು ಸೂಗಪ್ಪ. ಜಂಬಮ್ಮ ಅದನ್ನು ಬೆರಳಿನಿಂದಲೂ ಮುಟ್ಟಲಿಲ್ಲ. ಆದರೂ ಮೂರು ಸಲ ಬೂದಿ ಹಚ್ಚಿ ಕೈ ತೊಳೆದಳು.

ಮಾಂಸದ ಮಾತು ಆಮೇಲೆ, ಮೊದಲು ರೊಟ್ಟಿ ಕೈಗೆ ಹತ್ತಲಿ ಎಂದು ಮರುದಿನದಿಂದಲೇ ಜಂಬಮ್ಮ ಶುರು ಮಾಡಿದಳು. ಸಾಲಗುಂದದ ಹುಡುಗಿ. ಜೋಳದ ರೊಟ್ಟಿಯನ್ನು ವೀಳ್ಯದೆಲೆಯಂತೆ ಬಡಿಯುತ್ತಾಳೆಂದು ತವರಿನಲ್ಲಿ ಹೆಸರಿತ್ತು. ಆ ಹೆಸರು ಇಲ್ಲಿ ಕೆಲಸಕ್ಕೆ ಬರಲಿಲ್ಲ. ದಾವಲ್‌ಸಾಬ್ ಒಂದು ಕುಡಿಕೆಯಲ್ಲಿ ಖಮೀರ ತಂದುಕೊಟ್ಟ. ಹಿಟ್ಟು ಹುಳಿಯೇರಿ ಉಬ್ಬುವುದು ಅದರಿಂದಲೇ. ಹಿತ್ತಲ ಗೋಡೆಯಾಚೆ ನಿಂತು ಅವನು ಹೇಳಿಕೊಟ್ಟ: "ಬೇಟಿ, ನಾದಿ ಅರಿವಿ ಮುಚ್ಚಿ ಬಿಸಲಾಗ ಇಡು. ಅದು ತಾನ ಏಳತೈತಿ. ಎಬ್ಬಸಾಕ ಹೋಗಬ್ಯಾಡ."

ಮೊದಲ ದಿನದ ರೊಟ್ಟಿ ಚಪ್ಪಲಿಯ ತಳದಂತಾಯಿತು. ಎರಡನೆಯ ದಿನದ್ದು ಕೆಳಗೆ ಸೀದು ಮೇಲೆ ಹಸಿ. ಆಮೇಲೆ ಅವಳಿಗೆ ಉಪಾಯ ಹೊಳೆಯಿತು. ಹಂಚಿನ ಮೇಲೆ ರೊಟ್ಟಿ ಹಾಕಿ, ಒಡೆದ ಕೊಡದ ತಳವನ್ನು ಅದರ ಮೇಲೆ ಬೋರಲಿಟ್ಟು, ಆ ತಳದ ಮೇಲೆ ಕೆಂಡ ಹರವಿದಳು. ಮೇಲೆ ಕೆಂಡ, ಕೆಳಗೆ ಕೆಂಡ, ನಡುವೆ ರೊಟ್ಟಿ. ಈ ಸಲ ಅಂಚು ಉಬ್ಬಿ ಕೆಂಪಗಾಗಿ, ನಡುವೆ ಟಮಾಟೆ ಗೊಜ್ಜು ಕುದಿದು, ಹಾಲಿನ ಗಡ್ಡೆ ಅಲ್ಲಲ್ಲಿ ಕಂದಾಗಿ ಬಂತು.

ಹಾಲಿನ ಗಡ್ಡೆಯ ಮೇಲೆ ಬೇರೆಯೇ ಒಂದು ಜಗಳವಾಯಿತು. ಕಾದ ಹಾಲಿಗೆ ಜಂಬಮ್ಮ ನಿಂಬೆ ಹಿಂಡುವುದನ್ನು ಕಸ್ತೂರೆಮ್ಮ ನೋಡಿದಳು.

"ಅಯ್ಯ ಅಯ್ಯ! ಒಡೀಲಾರದ ಹಾಲು ಒಡಸ್ತಾರೇನು? ಮನಿ ಒಡೀತೈತಿ!"

"ಸಾಹೇಬರ ರೊಟ್ಟಿಗೆ ಬೇಕಾಗೈತಿ ಅತ್ತಿ. ಇವರು ಒಪ್ಪಿಕೊಂಡು ಬಂದಾರ."

"ಅವ ಒಪ್ಪಿಕೊಂಡಾನ, ನೀ ಒಡಸ್ತೀ. ನಾಳಿ ಅವ ಗುಡಿ ಒಡೀ ಅಂದ್ರ ಒಡೀತೀಯೇನು?"

ಒಳಗೆ ಪೂಜೆಗೆ ಕೂತಿದ್ದ ಮಾವ ಅಮರಗುಂಡಪ್ಪ, "ಏ, ಸುಮ್ಮಕಿರು. ಮೊಸರೂ ಒಡೆದ ಹಾಲ" ಎಂದ. ಅತ್ತೆ ಗೊಣಗುತ್ತ ಹೋದಳು. ಬಂಗಲೆಗೆ ರೊಟ್ಟಿ ಹೋಗುತ್ತದೆ ಎಂಬುದಷ್ಟೇ ಹಿರಿಯರಿಬ್ಬರಿಗೆ ಗೊತ್ತಿತ್ತು. ಅದರ ಮೇಲೆ ಏನು ಹೋಗುತ್ತದೆ ಎಂಬುದು ಗೊತ್ತಿರಲಿಲ್ಲ.

ಅಮರಗುಂಡಪ್ಪ ಮಸ್ಕಿಯಲ್ಲಿ ಬಟ್ಟೆಯ ಅಂಗಡಿ ನಡೆಸಿ, ಅದನ್ನು ತಮ್ಮನ ಮಕ್ಕಳಿಗೆ ಬಿಟ್ಟು ಬಂದವನು. ಮಾತು ಕಡಿಮೆ, ನಾಲಿಗೆ ಚುರುಕು. ಊಟದ ಮುಂಚೆ ಎಡಗೈಯಲ್ಲಿ ಲಿಂಗವಿಟ್ಟು ಪೂಜಿಸಿ, ತಾಟಿನಲ್ಲಿದ್ದದ್ದನ್ನು ಅದಕ್ಕೆ ತೋರಿಸಿ, ಆಮೇಲೆಯೇ ತುತ್ತು ಎತ್ತುತ್ತಿದ್ದ. ಮದುವೆಯಾಗಿ ಬಂದ ದಿನದಿಂದ ಜಂಬಮ್ಮ ಮಾಡಿದ್ದು ಮೊದಲು ಅವನ ಲಿಂಗಕ್ಕೆ, ಆಮೇಲೆ ಅವನಿಗೆ, ಆಮೇಲೆ ಉಳಿದವರಿಗೆ. ಅವಳಿಗೆ ಆ ಮನೆಯಲ್ಲಿ ದೊಡ್ಡ ಮರ್ಯಾದೆಯೆಂದರೆ ಅದೇ. ಮೂರನೆಯ ದಿನದ ರೊಟ್ಟಿ ತಿಂದು ಅವನು ಬೆರಳು ನೆಕ್ಕಿಕೊಂಡ.

"ತಂಗೀ, ಇದು ಚಲೋ ಐತಿ. ಆದರ ಇದಕ್ಕ ಹಕ್ಕರಕಿ ಬೇಕು" ಎಂದ.

ಮರುದಿನ ಮುಂಜಾನೆ ತಿರುಗಾಟಕ್ಕೆ ಹೋದವನು ಜೋಳದ ಹೊಲದ ಬದುವಿನಿಂದ ಧೋತರದ ಚುಂಗಿನಲ್ಲಿ ಹಕ್ಕರಕಿ ಕಿತ್ತು ತಂದ. ರೊಟ್ಟಿಯ ಜೊತೆ ಹಸಿಯಾಗಿಯೇ ತಿನ್ನುವ ಸೊಪ್ಪು, ನಾಲಿಗೆಗೆ ಸಣ್ಣ ಕಹಿ. ಬೆಂದ ರೊಟ್ಟಿಯ ಮೇಲೆ ತಾನೇ ಉದುರಿಸಿಕೊಂಡು ತಿಂದ. "ಆ ಸಾಹೇಬಗ ಇದನ್ನ ಹಾಕಿ ಕೊಡು. ತನ್ನ ಊರ ಮರೀತಾನ" ಎಂದು ನಕ್ಕ. ಅಂದಿನಿಂದ ದಿನಾ ಒಂದು ರೊಟ್ಟಿ ಅವನಿಗಾಗಿಯೇ ಬೇಯತೊಡಗಿತು.

ಅವನು ಮೆಚ್ಚಿದಷ್ಟೂ ಜಂಬಮ್ಮನಿಗೆ ಆ ಗಂಟಿನ ನೆನಪೇ ಹೆಚ್ಚಾಯಿತು. ರೊಟ್ಟಿ ಬೇಯುವ ಒಲೆಗೂ ಕಟ್ಟಿಗೆಯ ಗುಡಿಸಲಿಗೂ ಹತ್ತು ಹೆಜ್ಜೆ. ಮಾವ ಲಿಂಗಕ್ಕೆ ಎಡೆ ತೋರಿಸುವಾಗ ಅವಳು ಆ ಕಡೆ ಬೆನ್ನು ಮಾಡಿ ನಿಲ್ಲುತ್ತಿದ್ದಳು, ತನ್ನ ಬೆನ್ನಿನಿಂದ ಆ ಗಂಟನ್ನು ಮರೆ ಮಾಡಿದಂತೆ.

ಆ ಬೀದಿಯ ಬೆಕ್ಕು ಗುಡಿಸಲಿನ ಕೆಳಗೆ ಬಂದು ಕೂತು ಮೇಲೆ ನೋಡತೊಡಗಿತು. ಅದನ್ನು ಓಡಿಸುವುದೇ ಅವಳಿಗೆ ದಿನದ ಒಂದು ಕೆಲಸವಾಯಿತು.

"ಹೇಳಿದ್ರೇನು ಮಾವಾರಿಗೆ?" ಎಂದು ಗಂಡನನ್ನು ದಿನಾ ಕೇಳುವಳು.

"ನಾಳಿ ಹೇಳತೀನಿ."

"ನಾಳಿ ಅಂದು ಏಳು ದಿನ ಆತು. ಬ್ಯಾರೆ ಎಲ್ಲೆರ ಒಯ್ದು ಇಡ್ರಿ. ನನಗ ಅನ್ನ ಸೇರವಲ್ದು."

"ಸಾಹೇಬ ಬರೂತನಕ ತಡಕೋ. ನಿನ್ನ ಕಾಲಿಗೆ ಬೀಳತೀನಿ."

ಕಾಲಿಗೆ ಬೀಳುವವನ ಜೊತೆ ಜಗಳಾಡುವುದು ಹೇಗೆ?

ಹನ್ನೆರಡನೆಯ ದಿನ, ಹೊಸ ಇಸವಿಯ ಮೊದಲನೆಯ ತಾರೀಖು, ಕಸ್ತೂರೆಮ್ಮ ಮೂಗು ಅರಳಿಸಿಕೊಂಡು ಹಿತ್ತಲಿಗೆ ಬಂದಳು. "ಕಟ್ಟಿಗ್ಯಾಗ ಇಲಿ ಸತ್ತೈತಿ ನೋಡಬೇ, ನಾತ" ಎಂದು ಕೋಲು ತೆಗೆದುಕೊಂಡಳು. ಜಂಬಮ್ಮ "ನಾ ನೋಡತೀನಿ ಬಿಡ್ರಿ ಅತ್ತಿ" ಎಂದು ಹಿಟ್ಟಿನ ಕೈಯಲ್ಲೇ ಎದ್ದು ಓಡುವಷ್ಟರಲ್ಲಿ ಕೋಲು ಗಂಟಿಗೆ ತಾಗಿತ್ತು. ಹಗ್ಗ ಸಡಿಲಿ ಗಂಟು ಕೆಳಗೆ ಬಿದ್ದು ಬಿಚ್ಚಿಕೊಂಡಿತು. ಉಪ್ಪಿನಿಂದ ಬಿಳಿಚಿಕೊಂಡ ಚರ್ಮ, ಕೆಂಪಗೆ ಒಣಗಿದ ಮಾಂಸ, ತುದಿಗೆ ಸೀಳಿದ ಗೊರಸು.

ಕಸ್ತೂರೆಮ್ಮ ಹಾಕಿದ ಚೀರಾಟಕ್ಕೆ ಅಮರಗುಂಡಪ್ಪ ಓಡಿ ಬಂದ. ಮಧ್ಯಾಹ್ನದ ಊಟಕ್ಕೆ ಬಂದಿದ್ದ ಸೂಗಪ್ಪನೂ ಬಂದ. ಮುದುಕ ಆ ಗೊರಸನ್ನು ನೋಡಿದ. ಆಮೇಲೆ ಹಂಚಿನ ಮೇಲೆ ಬೇಯುತ್ತಿದ್ದ ರೊಟ್ಟಿಯನ್ನು ನೋಡಿದ.

"ಯಾರು ತಂದ್ರು ಇದನ್ನ?"

ಜಂಬಮ್ಮ ಗಂಡನ ಮುಖ ನೋಡಿದಳು. ಅವನು ಬಾಯಿ ತೆರೆದ. "ಸಾಹೇಬಂದು ಅಪ್ಪಾ. ಆ ರೊಟ್ಟಿಗೆ... ಮಾಡಿಕೊಡತೀನಿ ಅಂತ ಈಕಿ ಒಪ್ಪ್ಯಾಳ."

ಪೂರಾ ಸುಳ್ಳಲ್ಲ, ನಿಜವಂತೂ ಅಲ್ಲ. ಅವನು ಮುಂದೆ ಇನ್ನೊಂದು ಮಾತು ಆಡುತ್ತಾನೆಂದು ಜಂಬಮ್ಮ ಕಾದಳು. ಅವನು ನೆಲ ನೋಡುತ್ತ ನಿಂತ. ಅತ್ತೆ ಮಾವಂದಿರ ಎದುರಿಗೆ ಗಂಡನನ್ನು ಸುಳ್ಳನನ್ನಾಗಿ ಮಾಡಲು ಅವಳಿಗೆ ನಾಲಿಗೆ ಏಳಲಿಲ್ಲ.

"ಈಕಿ ತಂದಿದ್ದೇನು?" ಕಸ್ತೂರೆಮ್ಮ ಎದೆ ಎದೆ ಬಡಿದುಕೊಂಡಳು. "ಹಾಲು ಒಡಸಿದಾಗ ನಾ ಅಂದಿನ್ನಿ, ಮನಿ ಒಡಸ್ತಾಳ ಅಂತ!"

"ರೊಟ್ಟಿಗೆ ಅದನ್ನ ಮುಟ್ಟಿಸಿಲ್ಲ ಮಾವಾರ" ಎಂದಳು ಜಂಬಮ್ಮ. "ನನ್ನ ಲಿಂಗದಾಣಿ, ನಾ ಅದನ್ನ ಬೆರಳೀಲಿ ಸುದ್ದಾ ಮುಟ್ಟಿಲ್ಲ."

ಅಮರಗುಂಡಪ್ಪ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

"ಮುಟ್ಟಿಲ್ಲ ಅಂತೀ, ನಂಬತೀನಿ. ಆದರ ಮುಚ್ಚಿಟ್ಟಿ. ಹನ್ನೆರಡು ದಿನ ನಾ ನಿನ್ನ ಕೈಯಾಗಿಂದ ಇಸಕೊಂಡು ಲಿಂಗಕ್ಕ ತೋರಿಸೀನಿ. ತೋರಿಸೂವಾಗ ನೀ ಎದರಿಗಿದ್ದಿ" ಎಂದ. "ಇನ್ನ ನಿನ್ನ ಕೈಯಾಗಿಂದು ನನಗ ಬ್ಯಾಡವಾ."

ಅಂದಿನಿಂದ ಮನೆಯಲ್ಲಿ ಎರಡು ಒಲೆ. ಒಳಗಿನ ಒಲೆಯನ್ನು ಕಸ್ತೂರೆಮ್ಮ ಸಗಣಿ ಹಾಕಿ ಸಾರಿಸಿ, ಸೊಸೆ ಅದರ ಹತ್ತಿರ ಸುಳಿಯಕೂಡದೆಂದು ಕಟ್ಟು ಮಾಡಿದಳು. ಜಂಬಮ್ಮ ತನಗೂ ಗಂಡನಿಗೂ ಹಿತ್ತಲಲ್ಲಿ ಬೇಯಿಸಿಕೊಳ್ಳಬೇಕು. ಗಂಟನ್ನು ಸೂಗಪ್ಪ ಸ್ಟೋರಿನ ಹಿಂದಿನ ಖಾಲಿ ಡಬ್ಬಿಯೊಂದರಲ್ಲಿ ಕಲ್ಲು ಹೇರಿ ಇಟ್ಟು ಬಂದ. ಆ ಕೆಲಸ ಮೊದಲ ದಿನವೇ ಆಗಬಹುದಿತ್ತು ಎನ್ನುವುದು ಈಗ ಎಲ್ಲರಿಗೂ ಕಂಡಿತು.

ಕಸ್ತೂರೆಮ್ಮನಿಗೆ ಮೊಣಕಾಲು ನೋವು. ಒಲೆಯ ಮುಂದೆ ಕೂತರೆ ಏಳಲಾಗದು, ಬಡಿದ ರೊಟ್ಟಿ ಹಂಚಿಗೆ ಹೋಗುವಷ್ಟರಲ್ಲಿ ಎರಡು ಚೂರು. ಅಮರಗುಂಡಪ್ಪ ಆ ಚೂರುಗಳನ್ನೇ ಮಜ್ಜಿಗೆಯಲ್ಲಿ ನೆನೆಸಿ ಅರ್ಧ ತಿಂದು ಏಳುತ್ತಿದ್ದ.

"ಇನ್ನೊಂದೀಟು ಉಣ್ರಿ" ಎಂದು ಹೆಂಡತಿ ಅಂದರೆ, "ಸಾಕು. ಹಲ್ಲು ನೂಸತಾವ" ಎನ್ನುತ್ತಿದ್ದ. ಹಲ್ಲಿನ ನೋವು ಅವನಿಗೆ ಎಂದೂ ಇರಲಿಲ್ಲ.

ಎಳ್ಳಮಾಸಿ ಬಂತು. ಸೀಮೆಗೆಲ್ಲ ಹೊಲದ ಹಬ್ಬ. ಪ್ರತಿವರ್ಷ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಕಡುಬು, ಬದನೆಕಾಯಿ, ಕಾಳಿನ ಪಲ್ಯ ಎಲ್ಲ ಜಂಬಮ್ಮನ ಕೈಯಲ್ಲೇ ಆಗುತ್ತಿದ್ದವು. ಈ ವರ್ಷ ಅತ್ತೆ ಒಬ್ಬಳೇ ಮಾಡಲು ಹೋಗಿ ಕಡುಬು ಒಡೆದು ಹೂರಣ ನೀರುಪಾಲಾಯಿತು.

"ನಾ ಒಂದೀಟು ಕೈ ಹಚ್ಚತೀನಿ ಅತ್ತಿ" ಎಂದು ಜಂಬಮ್ಮ ಹೊಸ್ತಿಲ ಹೊರಗಿನಿಂದ ಕೇಳಿದಳು.

"ನಿನ್ನ ಕೈ ನೀನ ಇಟ್ಟುಕೋ. ಮುದುಕ ಉಪಾಸ ಬಿದ್ದು ಸಣ್ಣಾಗಾಕತ್ತಾನ, ಯಾರಿಂದ?"

"ನನ್ನಿಂದ ಅಂತೀರೇನು?"

"ಮತ್ಯಾರಿಂದ? ನನ್ನ ಮಗ ತಂದಾನೇನು?"

ಜಂಬಮ್ಮ ಮುಂದಿನ ಖೋಲಿಗೆ ಹೋದಳು. ಸೂಗಪ್ಪ ಅಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ, ತಾಯಿಯ ಮಾತು ಪೂರ್ತಿ ಕೇಳಿಸಿಕೊಂಡಿದ್ದ.

"ಕಾಯಂ ಆಗಲಿ, ಆಮ್ಯಾಲ ಎಲ್ಲಾ ಹೇಳತೀನಿ" ಎಂದ. "ಈಗ ಹೇಳಿದ್ರ ಅಪ್ಪ ಸಿಟ್ಟಿಗೆದ್ದು ಮಸ್ಕಿಗೆ ಹೋಗತಾನ."

"ನನ್ನ ಮ್ಯಾಲ ಸಿಟ್ಟಾದ್ರ ಹೋಗಾಂಗಿಲ್ಲ, ನಿಮ್ಮ ಮ್ಯಾಲ ಆದ್ರ ಹೋಗತಾರ. ಚಲೋ ಲೆಕ್ಕ!"

ಅವಳಿಗೆ ಅಳು ಬಂತು. ಅಳುವಿಗಿಂತ ಹೆಚ್ಚಾಗಿ ಸಿಟ್ಟು ಬಂತು. ಈ ಮನೆಯ ನಾಲ್ಕು ಜನರ ನೆಲೆ ಉಳಿಯಲೆಂದು ಅವಳು ಒಪ್ಪಿದ್ದಳು. ಈಗ ಅದೇ ಮನೆಯ ಒಲೆಗೆ ಅವಳು ಹೊರಗಿನವಳಾಗಿದ್ದಳು.

ಶುಕ್ರವಾರ ಬ್ರೂನೋ ಸಾಹೇಬ ಕೋಲಾರದಿಂದ ಬಂದನೆಂದು ಸುದ್ದಿಯಾಯಿತು. ಜಂಬಮ್ಮ ಯಾರನ್ನೂ ಕೇಳಲಿಲ್ಲ. ಹಿತ್ತಲ ಹಂಚಿನಲ್ಲಿ ಒಂದು ರೊಟ್ಟಿ ಸುಟ್ಟು, ಒಂದು ಹಿಡಿ ಹಕ್ಕರಕಿ ಬುಟ್ಟಿಗೆ ಹಾಕಿ, ಸ್ಟೋರಿನ ಹಿಂದೆ ಹೋಗಿ ಡಬ್ಬಿಯ ಮೇಲಿನ ಕಲ್ಲು ಸರಿಸಿದಳು. ಗಂಟನ್ನು ಬಡಿಗೆಯ ತುದಿಗೆ ಸಿಕ್ಕಿಸಿ, ಮೈಗೆ ತಾಗದಂತೆ ಚಾಚಿ ಹಿಡಿದು, ಹಗಲಿನಲ್ಲಿ ಎಲ್ಲರೂ ನೋಡುತ್ತಿರುವಂತೆಯೇ ಬಂಗಲೆಗೆ ನಡೆದಳು. ದಾವಲ್‌ಸಾಬ್ ಅಡಿಗೆಮನೆಯ ಬಾಗಿಲಲ್ಲಿ ದಂಗಾಗಿ ನಿಂತ.

"ಕಾಕಾ, ನಿಮ್ಮ ಸಾಹೇಬರಿಗೆ ಹೇಳ್ರಿ. ರೊಟ್ಟಿ ಮಾಡಿಕೊಡತೀನಿ. ಇದನ್ನ ಬೇಯಸಾಂಗಿಲ್ಲ. ನೌಕರಿ ಕೊಡಲಿ, ಬಿಡಲಿ."

ದಾವಲ್‌ಸಾಬ್ ಹಿಂದೂಸ್ತಾನಿಯಲ್ಲಿ ಹೇಳಿದ. ಬ್ರೂನೋ ಹೊರಗೆ ಬಂದು ಗಂಟು ಬಿಚ್ಚಿಸಿ, ಜೇಬಿನ ಚಾಕು ತೆಗೆದು, ಬೆಳಕು ಹಾಯುವಷ್ಟು ತೆಳ್ಳಗೆ ಒಂದು ಪದರು ಕೊಯ್ದು ಹಾಗೆಯೇ ಬಾಯಿಗೆ ಹಾಕಿಕೊಂಡ. ಜಂಬಮ್ಮ ಕಣ್ಣು ಮುಚ್ಚಿದಳು. ಸಾಹೇಬ ನಗುತ್ತ ಏನೋ ಹೇಳಿದ. ದಾವಲ್‌ಸಾಬ್ ಮತ್ತೆ ಕೇಳಿದ. ಸಾಹೇಬ ಮತ್ತೆ ಹೇಳಿದ.

"ಬೇಟಿ," ದಾವಲ್‌ಸಾಬ್ ಹಣೆ ಒರೆಸಿಕೊಂಡ. "ಇದನ್ನ ಬೇಯಸಾಂಗ ಇಲ್ಲಂತ. ಇದಕ್ಕ ಬೆಂಕಿ ಬ್ಯಾಡಂತ. ರೊಟ್ಟಿ ಬೆಂದು ಕೆಳಗ ಇಳದ ಮ್ಯಾಲ ತಾಟಿನಾಗ ಹಿಂಗ ಮ್ಯಾಲ ಹಾಕ್ಕೊಂಡು ತಿಂತಾರಂತ, ಸೊಪ್ಪಿನ ಕೂಡ. ತಾನ ಹಾಕ್ಕೋತೀನಿ ಅಂತಾನ."

"ಹಸೀದು ತಿಂತಾರೇನು?"

"ನನಗೇನ ಗೊತ್ತು? ನಾ ಎಂದೂ ಅದರ ಸನೇಕ ಹೋಗಿಲ್ಲ. ನಾನೂ ಕೇಳಲಿಲ್ಲ, ನಿನ್ನ ಗಂಡನೂ ಕೇಳಲಿಲ್ಲ."

ಮಾಂಸವೆಂದರೆ ಬೇಯಿಸಬೇಕು ಎಂದು ಹಂದಿ ತಿನ್ನದವರು ತಾವೇ ತೀರ್ಮಾನ ಮಾಡಿಕೊಂಡಿದ್ದರು. ಹೇಗೆ ತಿನ್ನುವುದೆಂದು ತಿನ್ನುವವನನ್ನು ಒಂದು ಮಾತು ಕೇಳಿದ್ದರೆ ಆ ಗಂಟು ಅವಳ ಹಿತ್ತಲಿಗೆ ಕಾಲಿಡುವ ಕಾರಣವೇ ಇರಲಿಲ್ಲ. ಹತ್ತೊಂಬತ್ತು ದಿನದ ಸಂಕಟವೆಲ್ಲ ಒಂದು ಮಾತು ಕೇಳದೆ ಹುಟ್ಟಿದ್ದು. ಜಂಬಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಸಾಹೇಬ ಬುಟ್ಟಿಯಿಂದ ಹಕ್ಕರಕಿಯ ಒಂದೆಲೆ ತೆಗೆದು ಕಚ್ಚಿದ. ಅವನ ಮುಖ ಬದಲಾಯಿತು. ರೊಟ್ಟಿ ಮುರಿದು, ಸೊಪ್ಪು ಸುತ್ತಿ, ನಿಂತಲ್ಲೇ ಪೂರ್ತಿ ತಿಂದ.

"ಇದ ಬೇಕಂತ," ದಾವಲ್‌ಸಾಬ್ ಹೇಳಿದ. "ಇದ ರೊಟ್ಟಿ, ಇದ ಎಲಿ. ಆದಿತ್ಯವಾರ ಹನ್ನೆರಡಕ್ಕ ಜೀಪು ಕಳಸ್ತಾನಂತ. ನಾ ಮಾಡೇನು ಅಂದ್ರ ನನ್ನ ನಾನ್ ರೊಟ್ಟಿ ದಪ್ಪಾಗತೈತಿ ಬೇಟಿ, ನಿನ್ನಂಗ ಬಡಿಯಾಕ ಬರಾಂಗಿಲ್ಲ."

ಈ ಸಂಗತಿ ಕೇಳಿ ಸೂಗಪ್ಪ ಮಗುವಿನಂತೆ ಹಿಗ್ಗಿದ. "ನೋಡು, ಎಲ್ಲಾ ಬಗೀಹರೀತು!" ಎಂದ. ತಾಯಿಯ ಹತ್ತಿರ ಹೋಗಿ, ಇನ್ನು ಮಾಂಸದ ಗೊಡವೆಯಿಲ್ಲ, ಬರೀ ರೊಟ್ಟಿ, ಹಿತ್ತಲಲ್ಲೇ ಮಾಡುತ್ತಾಳೆ ಎಂದು ಒಪ್ಪಿಸಿದ. ಎಲ್ಲವೂ ಬಗೆಹರಿಯಿತೆಂದು ಅವನು ಅಂದ ದಿನ ಅಮರಗುಂಡಪ್ಪ ಮಧ್ಯಾಹ್ನ ಎರಡು ಬಾಳೆಹಣ್ಣು ತಿಂದು ಗೋಡೆ ಕಡೆ ತಿರುಗಿ ಮಲಗಿದ್ದ.

ಆದಿತ್ಯವಾರ ಬಂತು. ಮುಂಜಾನೆಯೇ ನಾದಿಟ್ಟ ಹಿಟ್ಟು ಬಿಸಿಲಲ್ಲಿ ಉಬ್ಬಿ ಪರಾತದ ಅಂಚಿಗೆ ಬಂದಿತ್ತು. ಟಮಾಟೆಯ ಗೊಜ್ಜು ತಯಾರು, ಹಾಲಿನ ಗಡ್ಡೆ ತಯಾರು, ಹಕ್ಕರಕಿಯನ್ನು ಜಂಬಮ್ಮ ತಾನೇ ಹೊಲಕ್ಕೆ ಹೋಗಿ ಕಿತ್ತು ತೊಳೆದಿಟ್ಟಿದ್ದಳು. ಕಟ್ಟಿಗೆಯನ್ನೂ ಜೋಡಿಸಿದ್ದಳು. ಬೆಂಕಿ ಮಾತ್ರ ಹಚ್ಚಿರಲಿಲ್ಲ. ಒಲೆಯ ಮುಂದೆ ಮೊಣಕಾಲ ಮೇಲೆ ಕೈಯಿಟ್ಟು ಕೂತಿದ್ದಳು.

"ಹತ್ತೂವರಿ ಆತು, ಯಾಕ ಕುಂತಿ?" ಸೂಗಪ್ಪ ಒಗೆದ ಅಂಗಿ ಹಾಕಿಕೊಂಡು ಬಂದ.

"ಮಾವಾರಿಗೆ ಹೇಳ್ರಿ. ಯಾರು ತಂದ್ರು, ಯಾರು ಕಟ್ಟಿದ್ರು, ಯಾರು ಮುಚ್ಚಿಡು ಅಂದ್ರು. ಹೇಳಿ ಬರ್ರಿ, ಬೆಂಕಿ ಹಚ್ಚತೀನಿ."

"ಇದೇನ ಹೊತ್ತೇನು ಅದಕ್ಕ? ಸಂಜೀಕ ಹೇಳತೀನಿ."

"ಸಂಜೀಕ ರೊಟ್ಟಿ ಮಾಡತೀನಿ."

ಅವನು ನಕ್ಕ. ಅವಳು ನಗಲಿಲ್ಲ. ಅವನು ಬೇಡಿಕೊಂಡ, ಕೈಮುಗಿದ, ಆಮೇಲೆ ದನಿಯೇರಿಸಿದ. "ನನ್ನ ಅನ್ನಕ್ಕ ಕಲ್ಲು ಹಾಕತೀಯೇನಬೇ?"

"ನನ್ನ ಅನ್ನಕ್ಕ ಒಂಬತ್ತು ದಿನದಿಂದ ಕಲ್ಲು ಬಿದ್ದೈತಿ. ಈ ಮನಿಯಾಗ ನಾ ಕೂಳು ತಿನ್ನಾಕ ಬಂದಿಲ್ಲ, ನೀಡಾಕ ಬಂದೀನಿ. ಅದನ್ನ ನೀವು ಕಸಕೊಂಡೀರಿ. ನಾ ಏನೂ ಬ್ಯಾರೆ ಕೇಳಾಕತ್ತಿಲ್ಲ."

ಹನ್ನೊಂದರ ಕೂಗು ಆಯಿತು. ಸೂಗಪ್ಪ ಮುಂಬಾಗಿಲಿಗೆ ಹೋಗಿ ರಸ್ತೆ ನೋಡಿ ಬಂದ. ಹಿಟ್ಟು ಉಬ್ಬಿ ಅರಿವೆಯನ್ನು ಮೇಲೆತ್ತುತ್ತಿತ್ತು. ಇನ್ನು ಸ್ವಲ್ಪ ಹೊತ್ತಾದರೆ ಹುಳಿಯಾಗಿ ಕುಸಿಯುತ್ತದೆ ಎಂದು ಜಂಬಮ್ಮನಿಗೆ ಗೊತ್ತಿತ್ತು. ಗಂಡ ಹೇಳದೇ ಹೋದರೆ? ನೌಕರಿ ಹೋಗಿ ನಾಲ್ವರೂ ಬೀದಿಗೆ ಬಿದ್ದರೆ ಆ ಪಾಪವೂ ತನ್ನದೇ. ಎರಡು ಸಲ ಕೈ ಕಡ್ಡಿಪೆಟ್ಟಿಗೆಗೆ ಹೋಗಿ ಹಿಂದೆ ಬಂತು.

ಹನ್ನೊಂದು ಕಾಲಕ್ಕೆ ಸೂಗಪ್ಪ ಕಟ್ಟೆಯ ಮೇಲೆ ಕೂತಿದ್ದ ತಂದೆಯ ಎದುರಿಗೆ ಹೋಗಿ ನಿಂತ. ತಾಯಿ ಅಲ್ಲೇ ಬತ್ತಿ ಹೊಸೆಯುತ್ತಿದ್ದಳು. ಅವನ ದನಿ ಹಿತ್ತಲಿಗೆ ಮೊದಲು ಕೇಳಿಸಲಿಲ್ಲ. ಆಮೇಲೆ ಕೇಳಿಸಿತು.

"ನಾ ತಂದಿದ್ದು ಅಪ್ಪಾ. ಜಂತಿಗೆ ಕಟ್ಟಿದಾವನೂ ನಾನ. ಆಕಿ ಮೊದಲನೇ ದಿನಾನ ನಿನಗ ಹೇಳು ಅಂದಳು. ನಾ ಹೇಳಬ್ಯಾಡ ಅಂದೆ. ಆಕಿ ಅದನ್ನ ಮುಟ್ಟಿಲ್ಲ. ಈಗ ಬೆಂಕಿ ಹಚ್ಚವಲ್ಲಳು, ಅದಕ್ಕ ಹೇಳಾಕ ಬಂದೀನಿ."

ಕಸ್ತೂರೆಮ್ಮನ ಕೈಯಲ್ಲಿನ ಬತ್ತಿ ನಿಂತಿತು.

"ಆಕಿ ಬೆಂಕಿ ಹಚ್ಚಿದ್ದರ ನೀ ಹೇಳತಿದ್ದಿಲ್ಲ" ಎಂದ ಅಮರಗುಂಡಪ್ಪ.

ಮುದುಕ ಗೋಡೆ ಹಿಡಿದು ಎದ್ದ. ಹೆಂಡತಿಯ ಕಡೆ ತಿರುಗಿ, "ಒಳಗಿನ ಒಲ್ಯಾಗ ಕೆಂಡ ಅದಾವೇನು? ಆಕಿಗೆ ಎತ್ತಿಕೊಡು" ಎಂದ. ಕಸ್ತೂರೆಮ್ಮ ಮಗನನ್ನೊಮ್ಮೆ ನೋಡಿ, ಮೊಣಕಾಲು ಹಿಡಿದುಕೊಂಡು ಎದ್ದು, ಸಾರಿಸಿದ ಒಲೆಯಿಂದ ಹೆಂಚಿನ ಚೂರಿನಲ್ಲಿ ಕೆಂಡ ತಂದು ಸೊಸೆಯ ಮುಂದೆ ಇಟ್ಟಳು. ಅಲ್ಲಿಂದ ಹೋಗಲಿಲ್ಲ, ಪಕ್ಕದಲ್ಲೇ ಕೂತು ಊದುಗೊಳವೆ ಕೈಗೆತ್ತಿಕೊಂಡಳು.

ಮೊದಲ ರೊಟ್ಟಿಯ ಮೇಲಿನ ಕೆಂಡ ಸರಿಸುವ ಹೊತ್ತಿಗೆ ಹೊರಗೆ ಜೀಪಿನ ಹಾರನ್ನು ಕೇಳಿಸಿತು. ಸೂಗಪ್ಪ ಬಿಳಿ ಅರಿವೆ ಹಾಸಿದ ಬುಟ್ಟಿ ಹಿಡಿದುಕೊಂಡು ಬಂದು ನಿಂತ. ಅಮರಗುಂಡಪ್ಪ ಹಿತ್ತಲ ಕಲ್ಲಿನ ಮೇಲೆ ತಾಟು ಹಾಕಿಕೊಂಡು ಕೂತಿದ್ದ. ಎಡಗೈಯಲ್ಲಿ ಲಿಂಗ ತೆಗೆದಿಟ್ಟುಕೊಂಡಿದ್ದ.

"ತಂಗೀ, ಮೊದಲನೇದು ಇಲ್ಲಿ ನೀಡು" ಎಂದ.

"ಅಪ್ಪಾ, ಜೀಪು ಬಂದೈತಿ. ದೊಡ್ಡ ಸಾಹೇಬರು ಊಟಕ್ಕ ಕುಂತಿರತಾರ, ಕಾಯತಾರ" ಎಂದ ಸೂಗಪ್ಪ.

"ಕಾಯಲಿ. ಈ ಹುಡುಗಿ ಒಂಬತ್ತು ದಿನ ಕಾದಾಳ."

ಜಂಬಮ್ಮ ರೊಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ಮಾವನ ತಾಟಿಗಿಟ್ಟಳು. ಅವನು ಅದರ ಮೇಲೆ ಹಕ್ಕರಕಿ ಉದುರಿಸಿ, ಲಿಂಗಕ್ಕೆ ತೋರಿಸಿ, ಕಣ್ಣು ಮುಚ್ಚಿದ. ಹೊರಗೆ ಹಾರನ್ನು ಇನ್ನೊಮ್ಮೆ, ಮತ್ತೊಮ್ಮೆ ಆಯಿತು. ಯಾರೂ ಹೊರಗೆ ಹೋಗಲಿಲ್ಲ. ಅವನು ಕಣ್ಣು ತೆರೆದು ಒಂದು ತುತ್ತು ಮುರಿದು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿಯತೊಡಗಿದ. ಜಂಬಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಎರಡನೆಯ ರೊಟ್ಟಿಗೆ ಹಿಟ್ಟು ಮುರಿದಳು.